ಮಲಗಿದ ಗುಡ್ಡಕ್ಕೊಂದು ಕಾಡಿಗೆಯ ಬೊಟ್ಟು

ಆ ಕಾದಂಬರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ಓದುತ್ತೀರಿ, ಓದಿದ ಮೇಲೆ ಹೊಗಳದೆ ಇರಲಾರಿರಿ, ಮಂದಿಯೆಲ್ಲ ಒಮ್ಮೆಲೇ ಹೊಗಳಿದರೆ ಅದಕ್ಕೆ ಏನಾದೀತೋ ಎಂಬ ಅಳುಕು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಅದು ಅಂಗಡಿಯಲ್ಲಿ ಸಿಗುವ ಪುಸ್ತಕವೂ ಅಲ್ಲ. ಯಾರೋ, ನಮ್ಮ ಯಾದಗಿರಿ ಜಿಲ್ಲೆಯವರೇ ಇರಬೇಕು, ತಮ್ಮ ಹೆಸರು ಮುಚ್ಚಿಟ್ಟುಕೊಂಡು, ಹವ್ಯಾಸಕ್ಕೆ ಬರೆಯುವವರು ಕಥೆ ಹಾಕುವ ಒಂದು ಜಾಲತಾಣದಲ್ಲಿ ವಾರಕ್ಕೊಂದು ಅಧ್ಯಾಯದಂತೆ ಪುಕ್ಕಟೆ ಹಾಕುತ್ತಿದ್ದ ಮಾಯಾಲೋಕದ ಕಥೆ. ನಾನು ಬಹಳ ಓದಿದವಳಲ್ಲ. ಆದರೆ ಓದಿದ್ದರಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ರಂಗಂಪೇಟೆಯಲ್ಲಿ ನಮ್ಮದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಖಾಲಾಳ ಮನೆಯ ಮುಂದಿನ ಕೋಣೆ. ಖಾಲಾ ಎಂದರೆ ನನ್ನ ತಾಯಿಯ ಅಕ್ಕ, ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವಳು. ಕಣ್ಣು ಮಂಜಾದ ಮೇಲೆ ಮಶೀನನ್ನು ನನಗೆ ಒಪ್ಪಿಸಿ, ಹುಕ್ಕು ಗುಂಡಿ ಹಚ್ಚುವುದನ್ನಷ್ಟೇ ಬೆರಳಿನ ಅಂದಾಜಿನ ಮೇಲೆ ಮಾಡುತ್ತಾಳೆ. ಮಧ್ಯಾಹ್ನದ ಊಟ ಮುಗಿಸಿ ಹಿಂದಿನ ಓಣಿಯ ಅಕ್ಕ ಬಂದು ಸೀರೆಗಳಿಗೆ ಫಾಲು ಹಚ್ಚುತ್ತಾ ಕೂಡುತ್ತಾಳೆ. ಅವಳ ಮನೆಯಲ್ಲಿ ಕುರಿ, ಆಡು ಸಾಕಿದ್ದಾರೆ. ಅವುಗಳನ್ನು ಗಂಡ ಹೊಡೆದುಕೊಂಡು ಹೋದನೆಂದರೆ ಸಂಜೆಯ ತನಕ ಅವಳಿಗೆ ಬಿಡುವು. ನಾನೂ ಖಾಲಾಳೂ ನಮ್ಮೊಳಗೆ ಮಾತಾಡುವುದು ದಖನಿ ಉರ್ದು, ಅಕ್ಕ ಹೊಸ್ತಿಲು ದಾಟಿದಳೆಂದರೆ ಕನ್ನಡ. ಖಾಲಾಳಿಗೆ ಕನ್ನಡ ಮಾತು ನೀರು ಕುಡಿದ ಹಾಗೆ ಬರುತ್ತದೆ, ಅಕ್ಷರ ಬರುವುದಿಲ್ಲ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಪ್ರಬಂಧ ಬರೆಯುವುದರಲ್ಲಿ ಮುಂದಿದ್ದೆ ಎಂಬ ಜಂಬ ಇವತ್ತಿಗೂ ಇದೆ. ಆ ಜಂಬವೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ಓದು ಶುರುವಾದದ್ದು ಕರೆಂಟಿನ ದೆಸೆಯಿಂದ. ಮಶೀನಿಗೆ ಮೋಟಾರು ಕೂಡಿಸಿದ ಮೇಲೆ ಕಾಲಿನಿಂದ ತುಳಿಯುವ ರೂಢಿ ನನಗೆ ತಪ್ಪಿಹೋಗಿತ್ತು. ಕರೆಂಟು ಹೋಯಿತೆಂದರೆ ಅವರಿಬ್ಬರ ಸೂಜಿ ನಡೆದೇ ಇರುತ್ತಿತ್ತು, ನಾನು ಮಾತ್ರ ಕೈಕಟ್ಟಿ ಕೂಡಬೇಕು. ಅಂಥ ಒಂದು ಮಧ್ಯಾಹ್ನ ಬ್ಲೌಸಿನ ಕುತ್ತಿಗೆಯ ಹೊಸ ನಮೂನೆ ಹುಡುಕುತ್ತಾ ಫೋನು ತೀಡುತ್ತಿದ್ದವಳಿಗೆ ಎಲ್ಲಿಂದಲೋ ಈ ಕಥೆ ಸಿಕ್ಕಿತು. ಮೊದಲ ಸಾಲನ್ನು ಸುಮ್ಮನೆ ಜೋರಾಗಿ ಓದಿದೆ. ನಮ್ಮ ಊರಿನಲ್ಲಿ ಯಾರೂ ದನಿ ಎತ್ತುವುದಿಲ್ಲ, ಏಕೆಂದರೆ ಗುಡ್ಡ ಮಲಗಿದೆ, ಎಂದಿತ್ತು.

ಖಾಲಾಳ ಸೂಜಿ ನಿಂತಿತು. "ಮುಂದ ಓದು," ಎಂದಳು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಮೂವರೂ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಕಂಡೂ ಕಾಣದವರಂತೆ ಕೂತೆವು. ಆಮೇಲಾಮೇಲೆ ಊರಿನವರೆಲ್ಲ ಕರೆಂಟು ಹೋಯಿತೆಂದು ಬೈಯುವ ಹೊತ್ತಿಗೆ ನಮ್ಮ ಕೋಣೆಯಲ್ಲಿ ಮಾತ್ರ ಹಬ್ಬ.

ಕಥೆ ಇಷ್ಟು. ಒಂದು ಊರಿನ ಪಕ್ಕದಲ್ಲಿ ರಾಕ್ಷಸನಷ್ಟು ದೊಡ್ಡವನೊಬ್ಬ ಮಲಗಿ ಮಲಗಿ ಗುಡ್ಡವಾಗಿದ್ದಾನೆ. ಅವನು ನಿದ್ದೆಯಲ್ಲಿ ಕಾಣುವ ಕನಸೇ ಆ ಸೀಮೆಯ ಹೊಳೆ. ಎದ್ದನೆಂದರೆ ಹೊಳೆ ಇಲ್ಲ. ಅದಕ್ಕೇ ಊರಿಗೆ ಊರೇ ಪಿಸುಮಾತಿನಲ್ಲಿ ಬದುಕುತ್ತದೆ. ಸಂತೆಯಲ್ಲಿ ಎಲ್ಲ ವ್ಯಾಪಾರವೂ ಟವೆಲಿನ ಕೆಳಗೆ ಕೈಬೆರಳು ಹಿಡಿದು. ಜಗಳವಾಡುವವರು ಊರ ಹೊರಗೆ ಎರಡು ಹರದಾರಿ ನಡೆದು ಹೋಗಿ ಕೂಗಾಡಿ, ಸುಸ್ತಾಗಿ, ರಾಜಿಯಾಗಿ ಬರುತ್ತಾರೆ. ಗುಡ್ಡಕ್ಕೆ ಜೋಗುಳ ಹಾಡುವ ಒಂದು ಮನೆತನ. ಅಜ್ಜಿ ತೀರಿಹೋಗಿದ್ದಾಳೆ, ಮೊಮ್ಮಗಳಿಗೆ ಜೋಗುಳದ ಕೊನೆಯ ಸಾಲು ಗೊತ್ತಿಲ್ಲ. ಆ ಸಾಲನ್ನು ಹುಡುಕಿಕೊಂಡು ಅವಳು ಒಂದು ಬಿಳಿ ಆಡಿನ ಜೊತೆ ಹೊಳೆಗುಂಟ ಹೊರಡುತ್ತಾಳೆ. ಆ ಆಡಿಗೆ ಎಡಗಿವಿ ಮಾತ್ರ ಕಪ್ಪು. ಬಿಳಿಯ ಬಲಗಿವಿಯಿಂದ ಎಲ್ಲರಂತೆ ಇವತ್ತಿನದು ಕೇಳುತ್ತದೆ, ಕಪ್ಪು ಎಡಗಿವಿಯಿಂದ ನಾಳಿನದು. ನಾಳೆ ಬೀಳುವ ಬೈಗುಳಕ್ಕೆ ಇವತ್ತೇ ಓಡಿಹೋಗುವ ಆಡು ಅದು.

ಇದನ್ನು ಬರೆದವರು ಎಂಥ ಖುಷಿಯಲ್ಲಿ ಬರೆದಿದ್ದರೋ ಏನೋ, ಓದುವ ನನ್ನ ಬಾಯಿಗೆ ಅದು ಹಾಗೇ ದಾಟುತ್ತಿತ್ತು. ಹರಗೋಲಿನ ಅಧ್ಯಾಯವನ್ನಂತೂ ಅಕ್ಕ ಬಂದಾಗಲೆಲ್ಲ ಮತ್ತೆ ಓದಿಸುತ್ತಿದ್ದಳು. ತಿಂಥಣಿಯ ಹೊಳೆದಂಡೆಯನ್ನು ಕಂಡವರೇ ಆ ನೀರನ್ನು, ಆ ಬಂಡೆಗಳನ್ನು ಹಾಗೆ ಬರೆದಾರು. ಅಲ್ಲಿ ಹರಗೋಲು ಹಾಕುವವನು ದುಡ್ಡು ಮುಟ್ಟುವುದಿಲ್ಲ, ದಾಟಲು ಒಂದು ನಗು ಕೊಡಬೇಕು. ಸುಳ್ಳು ನಗು ಕೊಟ್ಟರೆ ನಡುಹೊಳೆಯಲ್ಲಿ ಹರಗೋಲು ಗರಗರ ತಿರುಗುತ್ತದೆ. ಒಬ್ಬ ಸಾಹುಕಾರ ನಗಲಾರದೆ ಮೂರು ವರ್ಷದಿಂದ ದಂಡೆಯಲ್ಲೇ ಗುಡಿಸಲು ಹಾಕಿಕೊಂಡು ಕೂತಿದ್ದಾನೆ. ಹುಡುಗಿಯ ಆಡು ಅವನ ರುಮಾಲು ತಿನ್ನುತ್ತದೆ. ಹರಗೋಲಿನಲ್ಲಿದ್ದವರೆಲ್ಲ ನಗುತ್ತಾರೆ, ಕೊನೆಗೆ ಸಾಹುಕಾರನೂ. ಅದನ್ನು ಓದಿದ ದಿನ ಖಾಲಾ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬರೆದವರು ಯಾರು ಎಂಬುದರ ಬಗ್ಗೆ ನಮ್ಮಲ್ಲಿ ದಿನಾ ವಾದ.

"ಹೆಣ್ಮಗಳೇ ಅದಾಳ," ಎನ್ನುತ್ತಿದ್ದಳು ಅಕ್ಕ. "ಮಲಗಿದ್ದು ಎದ್ದೀತು ಅಂತ ಬಾಗಲಾ ಸಪ್ಪಳ ಮಾಡದಂಗ ಹಾಕೋದು ಗಂಡಸರಿಗೆ ಏನ್ ಗೊತ್ತದ?"

"ಗಂಡಸೇ ಅದಾನ," ಎನ್ನುತ್ತಿದ್ದಳು ಖಾಲಾ. "ಹೆಂಗಸಾಗಿದ್ರ ಆ ಹುಡಗಿ ದಾರ್ಯಾಗ ಏನ್ ಉಂಡ್ಳು ಅಂತ ಒಂದ್ ಮಾತರ ಬರೀತಿದ್ಳು."

ಕಥೆ ನಮ್ಮ ತಲೆಗೆ ಎಷ್ಟು ಏರಿತ್ತೆಂದರೆ, ಶಹಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಅಲ್ಲಿನ ಗುಡ್ಡ ಕಂಡ ಕೂಡಲೇ ಅಕ್ಕ ದನಿ ತಗ್ಗಿಸುತ್ತಿದ್ದಳು. ಆ ಗುಡ್ಡವೂ ಹಾಗೇ ಇದೆ. ದೂರದಿಂದ ನೋಡಿದರೆ ಯಾರೋ ಅಂಗಾತ ಮಲಗಿದಂತೆ ಹಣೆ, ಮೂಗು, ಗದ್ದ ಎಲ್ಲ ಕಾಣುತ್ತದೆ. ಬುದ್ಧ ಮಲಗಿದ್ದಾನೆ ಎನ್ನುತ್ತಾರೆ ಜನ. ನಮಗೆ ಮಾತ್ರ ಅದು ನಮ್ಮ ಕಥೆಯ ಗುಡ್ಡ. ಒಮ್ಮೆ ಟಿಕೆಟು ಕೊಡುವಾಗ ಕಂಡಕ್ಟರ್ ಗಂಟಲು ಬಿಚ್ಚಿ ಕೂಗಿದ್ದಕ್ಕೆ ಅಕ್ಕ, "ಸಾವಕಾಶ್ರಿ, ಮಲಗ್ಯಾರ," ಎಂದಳು. ಅವನು ಪಾಪ, ಬಸ್ಸಿನಲ್ಲಿ ಯಾರ ಕೂಸು ಮಲಗಿದೆ ಎಂದು ಸೀಟು ಸೀಟು ನೋಡಿದ.

ಇನ್ನು ಖಾಲಾಳ ಸ್ವಭಾವ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳು ಯಾವುದನ್ನೂ ಚೆನ್ನಾಗಿದೆ ಎಂದವಳಲ್ಲ. ಅಂಗಡಿಗೆ ಯಾರಾದರೂ ಮುದ್ದಾದ ಕೂಸನ್ನು ಎತ್ತಿಕೊಂಡು ಬಂದರೆ ಅದರ ಗಲ್ಲ ಹಿಂಡಿ, "ಏನ್ ಮಂಗ್ಯಾನ ಮಾರಿ ಅದನೇ ಇದರದು," ಎನ್ನುತ್ತಾಳೆ. ತಾಯಿಯ ಮುಖ ಅರಳುತ್ತದೆ. ಚಂದವಿದೆ ಎಂದುಬಿಟ್ಟರೆ ಕೆಟ್ಟ ದೃಷ್ಟಿ ತಾಕುತ್ತದೆ. ನಮ್ಮ ಮನೆಯಲ್ಲಿ ನಜರ್ ಎನ್ನುತ್ತೇವೆ, ಅಕ್ಕನ ಮನೆಯಲ್ಲಿ ನೆದರು ಎನ್ನುತ್ತಾರೆ. ಹೆಸರು ಬೇರೆ, ಹೆದರಿಕೆ ಒಂದೇ. ಅದಕ್ಕೇ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಬಾಯಲ್ಲಿ ಒಂದು ಕುಂದು. ನಾನು ಮೊಟ್ಟಮೊದಲು ಪೂರ್ತಿ ಬ್ಲೌಸು ಹೊಲಿದು ತೋರಿಸಿದ ದಿನ ಖಾಲಾ ಮೂಗು ಮುರಿದು, "ತೋಳು ಸೊಟ್ಟ," ಎಂದಿದ್ದಳು. ನಾನು ಅತ್ತಿದ್ದೆ. ಅಮ್ಮ ಸಮಾಧಾನ ಮಾಡುತ್ತಾ, ನಿಮ್ಮ ಖಾಲಾ ಬಾಯಿ ಬಿಟ್ಟು ಬೈದರೆ ಒಳಗೆ ಮೆಚ್ಚಿದ್ದಾಳೆ ಎಂದೇ ತಿಳಿ ಎಂದಿದ್ದಳು. ತಿಳಿದುಕೊಂಡೆ. ತಿಳಿದುಕೊಂಡದ್ದೇನೋ ಸರಿ, ಆದರೂ ಒಮ್ಮೆಯಾದರೂ ಆ ಬಾಯಿಂದ ಚಲೋ ಎಂಬ ಮಾತು ಬಿದ್ದೀತೇ ಎಂದು ವರ್ಷಗಟ್ಟಲೆ ಕಾದದ್ದು ಸುಳ್ಳಲ್ಲ.

ಕಥೆಯ ಪ್ರತಿ ಅಧ್ಯಾಯದ ಕೆಳಗೆ ಓದುಗರು ಅಭಿಪ್ರಾಯ ಬರೆಯಲು ಜಾಗವಿತ್ತು, ಒತ್ತಲು ಐದು ಚುಕ್ಕಿಗಳಿದ್ದವು. ಓದುವವರೇ ಕಡಿಮೆ, ಬರೆಯುವವರು ಇಲ್ಲವೆಂದೇ ಹೇಳಬೇಕು. ಮೊದಲ ದಿನ ನಾನು ಸಂತೋಷದಿಂದ ಐದನ್ನೂ ಒತ್ತಲು ಹೊರಟಾಗ ಖಾಲಾ ಕೈ ಹಿಡಿದಳು.

"ಪೂರಾ ಐದ್ ಕೊಡಬ್ಯಾಡ ಬೇಟಿ. ಇಷ್ಟ್ ಚಲೋ ಕಥಿಗೆ ನಜರ್ ತಾಕ್ತದ. ಒಂದೆರಡು ಬಿಡು. ಏನರ ತಪ್ಪು ಹಿಡದು ಬರಿ."

ಅಕ್ಕನೂ ಹೌದೆಂದಳು. ಹೀಗೆ ನಮ್ಮ ಕೆಲಸ ಶುರುವಾಯಿತು. ನನ್ನ ಫೋನಿನಿಂದ ಒಂದು, ಅಕ್ಕನ ಫೋನಿನಿಂದ ಒಂದು. ಅಧ್ಯಾಯ ಚೆನ್ನಾಗಿದ್ದಷ್ಟೂ ಕುಂದು ದೊಡ್ಡದಿರಬೇಕು ಎಂಬುದು ಖಾಲಾಳ ಕಟ್ಟಪ್ಪಣೆ. ಅವರು ಹೇಳುವುದು, ನಾನು ಬರೆಯುವುದು. ಎಡವಟ್ಟಾದದ್ದು ಇಲ್ಲೇ. ಅವರು ಹೇಳಿದ ಹಾಗೆ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಪುಸ್ತಕ ಬರೆಯುವವರಿಗೆ ಬರೆಯುತ್ತಿದ್ದೇನೆ ಎಂದುಕೊಂಡು ನಾನು ನನ್ನ ಪ್ರಬಂಧದ ಕನ್ನಡ ತೆಗೆದೆ. ಹರಗೋಲಿನ ಅಧ್ಯಾಯದ ದಿನ ಕಣ್ಣೊರೆಸಿಕೊಳ್ಳುತ್ತಾ ಖಾಲಾ, "ಏನ್ ಬರದಾನಲೇ ಇವಾ, ತಲಿಬುಡ ಒಂದೂ ಇಲ್ಲ. ನಗು ತಗೊಂಡು ಮನ್ಯಾಗ ಒಲಿ ಹಚ್ತಾನೇನು ಹರಗೋಲಿನಾವ?" ಎಂದಳು. ನಾನು ಬರೆದದ್ದು ಹೀಗೆ: "ಈ ಅಧ್ಯಾಯಕ್ಕೆ ತಲೆಬುಡವಿಲ್ಲ. ನಾವಿಕನ ಜೀವನ ನಿರ್ವಹಣೆಯ ಕುರಿತು ಲೇಖಕರು ಯೋಚಿಸಿದಂತೆ ಕಾಣುವುದಿಲ್ಲ." ಅಕ್ಕ ಆಡನ್ನು ಹಾಡಿ ಕೊಂಡಾಡಿ, "ನಮ್ಮ ಆಡು ಇಷ್ಟ್ ಶಾಣ್ಯಾ ಆಗಿದ್ರ ನನಗ ಅಡಗಿ ಮಾಡಿ ಹಾಕ್ತಿತ್ತು," ಎಂದರೆ, ನಾನು, "ಪ್ರಾಣಿಯ ಪಾತ್ರಚಿತ್ರಣ ವಾಸ್ತವಕ್ಕೆ ದೂರವಾಗಿದೆ," ಎಂದು ಬರೆದು ಎರಡು ಚುಕ್ಕಿ ಕೊಟ್ಟೆ. ಬರೆದು ಹೆಮ್ಮೆಪಟ್ಟೆ ಕೂಡ.

ಹುಡುಗಿ ಹೊಳೆಗುಂಟ ಅಲೆದು, ಕೊನೆಯ ಸಾಲು ಸಿಗದೆಯೇ ಊರಿಗೆ ಮರಳಿದಳು. ಗುಡ್ಡದ ಕಿವಿಯ ಹತ್ತಿರ ಕೂತು ಜೋಗುಳ ಶುರುಮಾಡಿದಳು. ಗೊತ್ತಿದ್ದ ಸಾಲುಗಳೆಲ್ಲ ಮುಗಿದವು. ದನಿ ನಿಂತಿತು. ಗುಡ್ಡದ ರೆಪ್ಪೆ ಅಲುಗಿ ಅದರ ಮೇಲಿನ ಕಲ್ಲುಗಳು ಉರುಳಿದವು. ಅಧ್ಯಾಯ ಅಲ್ಲಿಗೆ ಮುಗಿದಿತ್ತು. ಇಷ್ಟು ಚೆನ್ನಾಗಿದ್ದುದಕ್ಕೆ ಅಂದಿನ ಕುಂದೂ ಘನವಾಗಿಯೇ ಹೋಯಿತು.

ಮುಂದಿನ ವಾರ ಅಧ್ಯಾಯ ಬರಲಿಲ್ಲ. ಅದರ ಜಾಗದಲ್ಲಿ ಒಂದು ಸಣ್ಣ ಸೂಚನೆ ಇತ್ತು. ನಾನು ಎಂದಿನಂತೆ ಜೋರಾಗಿ ಓದತೊಡಗಿ ನಡುವೆ ತಡವರಿಸಿದೆ. ಓದುವ ಕೆಲವೇ ಜನರೂ ನನ್ನ ಬರಹದಲ್ಲಿ ತಪ್ಪುಗಳನ್ನೇ ಕಾಣುತ್ತಿದ್ದಾರೆ, ಕಥೆ ಹೇಳುವುದು ನನಗೆ ಬರುವುದಿಲ್ಲವೆಂದು ಅರ್ಥವಾಗಿದೆ, ಬರುವ ಶುಕ್ರವಾರ ಇದೆಲ್ಲವನ್ನೂ ಇಲ್ಲಿಂದ ತೆಗೆದುಹಾಕುತ್ತೇನೆ, ಬೇಸರ ಮಾಡಿದ್ದಕ್ಕೆ ಕ್ಷಮಿಸಿ, ಎಂದಿತ್ತು.

ಅವತ್ತು ಕರೆಂಟಿತ್ತು, ಯಾರೂ ಕೆಲಸ ಮಾಡುತ್ತಿರಲಿಲ್ಲ.

"ಯಾರದು ತಪ್ಪು ಹಿಡದೋರು?" ಖಾಲಾಳ ಸಿಟ್ಟು ನೆತ್ತಿಗೇರಿತ್ತು. "ಎಂಥಾ ಮಂದಿ ಅದಾರ."

"ನಾವೇ ಖಾಲಾ," ಎಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ನಾನು ಬರೆದದ್ದನ್ನೆಲ್ಲ ಒಂದೊಂದಾಗಿ ಓದಿ ಹೇಳು ಎಂದಳು. ಓದಿದೆ. ಪಾತ್ರಚಿತ್ರಣ, ಜೀವನ ನಿರ್ವಹಣೆ, ಅತಿರೇಕ, ಅಸ್ಪಷ್ಟ. ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು. ಬಾಯಲ್ಲಿ ಹೇಳಿದ್ದರೆ ದನಿಯೊಳಗಿನ ನಗುವೇ ಎಲ್ಲ ತಿಳಿಸುತ್ತಿತ್ತು. ನನ್ನ ಕೈಯಲ್ಲಿ ಅದು ಶಾಲೆಯ ತಪಾಸಣೆಗೆ ಬಂದ ಸಾಹೇಬರ ಷರಾ ಆಗಿಬಿಟ್ಟಿತ್ತು.

"ನಾನು ಹಿಂಗ ಅಂದಿದ್ನೇನು?" ಎಂದಳು ಖಾಲಾ, ಬಹಳ ಮೆಲ್ಲಗೆ. "ನಾ ಕಾಡಿಗಿ ಕೊಟ್ರ ನೀ ಮಾರಿ ತುಂಬ ಬಳದಿಯಲ್ಲ ಬೇಟಿ."

ಅಕ್ಕ ಫೋನಿನಲ್ಲಿ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳೋಣ ಎಂದಳು. ಖಾಲಾ ಒಪ್ಪಲಿಲ್ಲ. ಬರೆದವರು ಒಲ್ಲೆ ಎಂದ ಮೇಲೆ ಇಟ್ಟುಕೊಂಡರೆ ಕಳ್ಳತನವಾಗುತ್ತದೆ. ಅದೂ ಅಲ್ಲದೆ, ಇಟ್ಟುಕೊಂಡರೂ ಗುಡ್ಡ ಎದ್ದಿತೋ ಇಲ್ಲವೋ ಹೇಳುವವರು ಯಾರು? ಕೊನೆಗೆ ಇನ್ನೊಮ್ಮೆ ಬರೆಯುವುದೆಂದಾಯಿತು. ಈ ಸಲ ನಾನು ಬಾಯಿ ಮುಚ್ಚಿಕೊಂಡು, ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದೆ.

"ನಾವು ಹೆಂಗಸರು ಅದೇವ್ರಿ, ರಂಗಂಪೇಟಿಯವರು. ನಿಮ್ಮ ಕಥಿಗೆ ತಪ್ಪು ಹಿಡದವರು ನಾವೇ. ಕೂಸು ಚಂದ ಇದ್ರ ಚಂದ ಅದ ಅಂತ ನಾವು ಅನ್ನಂಗಿಲ್ಲ, ನೀವೂ ಈ ಕಡಿಯವರಾದ್ರ ನಿಮಗ ಗೊತ್ತದ. ಹಂಗ ನಿಮ್ಮ ಕಥಿಗೆ ಕಾಡಿಗಿ ಹಚ್ಚೇವಿ. ಎಲ್ಲಿ ಭಾಳ ಬೈದೇವಿ ಅದು ನಮಗ ಭಾಳ ಸೇರಿದ್ದು. ಹರಗೋಲಿಂದು ಓದಿ ನಮ್ಮ ಖಾಲಾ ನಕ್ಕೂ ನಕ್ಕೂ ಸೆರಗು ತೋಯಿಸ್ಯಾಳ. ಬರದಾಕಿ ಈ ಹುಡಗಿ, ಶಾಲಿ ಕಲತು ಕೆಟ್ಟಾಳ, ಆಕಿ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಕಥಿ ತಗೀಬ್ಯಾಡ್ರಿ. ಗುಡ್ಡ ಎದ್ದದೋ ಮಲಗ್ಯಾದೋ ತಿಳೀದ ನಾವು ಶಹಾಪುರ ಬಸ್ ಹತ್ತೋದು ಹ್ಯಾಂಗ?"

ಶಾಲಿ ಕಲತು ಕೆಟ್ಟಾಳ ಎಂಬುದನ್ನು ಬಿಡಲೇ ಎಂದು ಕೇಳಿದೆ. ಬಿಡಬೇಡ ಎಂದರು ಇಬ್ಬರೂ.

ಉತ್ತರ ಬರಲಿಲ್ಲ. ಶುಕ್ರವಾರ ಅಸ್ತರಿನ ಬಟ್ಟೆ ತರಲು ನಾನು ಶಹಾಪುರಕ್ಕೆ ಹೋಗಬೇಕಿತ್ತು. ತನಗೇನೂ ಕೆಲಸವಿಲ್ಲದಿದ್ದರೂ ಅಕ್ಕ ಜೊತೆಗೆ ಹತ್ತಿದಳು. ಫೋನು ಚೀಲದ ತಳದಲ್ಲಿತ್ತು. ತೆಗೆದು ನೋಡುವ ಧೈರ್ಯ ನನಗೂ ಇಲ್ಲ, ಅವಳಿಗೂ ಇಲ್ಲ. ಗುಡ್ಡ ಕಂಡಿತು. ಇಬ್ಬರೂ ಕಿಟಕಿಗೆ ಮುಖ ಹಚ್ಚಿ ಅದರ ಕಣ್ಣಿರುವ ಕಡೆ ನೋಡಿದೆವು.

"ಮಲಗ್ಯಾದ," ಎಂದಳು ಅಕ್ಕ, ಪಿಸುಮಾತಿನಲ್ಲಿ.

ಬಟ್ಟೆ ತೆಗೆದುಕೊಂಡು ಸಂಜೆ ಮರಳಿದಾಗ ಖಾಲಾ ಬಾಗಿಲಲ್ಲೇ ಕೂತಿದ್ದಳು. ಅವಳ ಎದುರಿಗೇ ಫೋನು ತೆರೆದೆ. ಕಥೆ ಇತ್ತು. ಮೊದಲ ಸಾಲಿನಿಂದ ಉರುಳಿದ ಕಲ್ಲಿನವರೆಗೆ ಎಲ್ಲವೂ ಇತ್ತು. ಆ ಸೂಚನೆ ಮಾತ್ರ ಇರಲಿಲ್ಲ. ಖಾಲಾ ಒಳಗೆ ಹೋಗಿ ಮೂವರಿಗೂ ಚಹಾ ಮಾಡಿದಳು. ಸಕ್ಕರೆ ಎಂದಿಗಿಂತ ಹೆಚ್ಚಾಗಿತ್ತು, ಯಾರೂ ಕುಂದು ಹೇಳಲಿಲ್ಲ.

ಆಮೇಲೂ ಕೆಲವು ವಾರ ಸುಮ್ಮನೆ ಹೋದವು. ಮದುವೆಯ ಹಂಗಾಮು ಬಂತು, ಕೋಣೆಯ ತುಂಬ ಜರಿಯಂಚಿನ ಬ್ಲೌಸುಗಳು. ಒಂದು ಮಧ್ಯಾಹ್ನ ಹಸಿರು ರೇಷ್ಮೆಯ ಮದುಮಗಳ ಬ್ಲೌಸಿಗೆ ತೋಳು ಕೂಡಿಸಿ ದಾರ ಕತ್ತರಿಸುತ್ತಿದ್ದಾಗ ಫೋನು ಟಿಂಗ್ ಎಂದಿತು. ಕೊನೆಯ ಅಧ್ಯಾಯ ಬಂದಿತ್ತು. ಕರೆಂಟಿತ್ತು, ನಾನೇ ಎದ್ದು ಮಶೀನಿನ ಸ್ವಿಚ್ಚು ಆರಿಸಿದೆ.

ಓದಿದೆ. ಗುಡ್ಡದ ರೆಪ್ಪೆ ಅಲುಗುತ್ತದೆ. ಊರಿನವರೆಲ್ಲ ಉಸಿರು ಬಿಗಿಹಿಡಿದಿದ್ದಾರೆ. ಹುಡುಗಿ ಹೆದರಿ, ಗೊತ್ತಿದ್ದ ಸಾಲುಗಳನ್ನೇ ಮತ್ತೆ ಹಾಡುತ್ತಾಳೆ, ಮತ್ತೆ ಹಾಡುತ್ತಾಳೆ. ಊರೂರು ಅಲೆದ ದಣಿವು. ಹಾಡುತ್ತಾ ಹಾಡುತ್ತಾ ಗುಡ್ಡದ ಕಿವಿಗೆ ತಲೆಯಾನಿಸಿ ಅವಳೇ ನಿದ್ದೆಹೋಗುತ್ತಾಳೆ. ಗುಡ್ಡವೂ ನಿದ್ದೆಹೋಗುತ್ತದೆ. ಕೊನೆಯ ಸಾಲು ಎಂಬುದೇ ಇರಲಿಲ್ಲ; ಅಜ್ಜಿಯೂ ದಿನಾ ಅಷ್ಟಕ್ಕೇ ಮಲಗಿಬಿಡುತ್ತಿದ್ದಳು. ಬೆಳಿಗ್ಗೆ ಹೊಳೆ ಎಂದಿನಂತೆ ಹರಿಯುತ್ತಿದೆ. ಹುಡುಗಿಯ ಪಕ್ಕದಲ್ಲಿ ಆಡು ಕೂತು, ತನ್ನ ಕಪ್ಪು ಬಲಗಿವಿಯನ್ನು ನಿಮಿರಿಸಿ, ನಾಳಿನ ಹಾಡನ್ನು ಕೇಳುತ್ತಿದೆ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಕೂಸು ಮಲಗಿಸಿದ ಯಾವ ಹೆಣ್ಣಿಗೂ ಗೊತ್ತಿರುವ ಮಾತನ್ನು ಇಷ್ಟು ದೊಡ್ಡ ಗುಡ್ಡದ ಮೇಲೆ ಇಟ್ಟು ತೋರಿಸಿದ್ದರಲ್ಲ ಎಂದು ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು.

ಖಾಲಾ ಮಾತ್ರ ತಲೆ ಓರೆ ಮಾಡಿ ಕೂತಿದ್ದಳು. "ಆಡಿಂದು ಯಾವ ಕಿವಿ ಅಂದಿ?"

"ಬಲಗಿವಿ." ಓದಿದ ಮೇಲೆ ನನಗೂ ಹೊಳೆಯಿತು. ಮತ್ತೆ ನೋಡಿದೆ. ಬಲಗಿವಿಯೇ. ಮೊದಲಿನಿಂದಲೂ ಎಡಗಿವಿ ಕಪ್ಪು. ಇಡೀ ಕಥೆ ಆ ಎಡಗಿವಿಯ ಮೇಲೆ ನಿಂತಿತ್ತು.

"ತಪ್ಪಾಗ್ಯಾದ," ಎಂದಳು ಅಕ್ಕ. "ಗಡಿಬಿಡ್ಯಾಗ ಬರದಾಳ ಪಾಪ."

ಖಾಲಾ ನಗತೊಡಗಿದಳು. ಹರಗೋಲಿನ ದಿನ ನಕ್ಕ ಹಾಗೆಯೇ ನಕ್ಕಳು. "ತಪ್ಪಲ್ಲ ಅದು. ಇಷ್ಟು ದಿನದಾಗ ಒಮ್ಮೆ ತಪ್ಯಾನೇನು ಆ ಕಿವಿ? ನಮ್ಮ ಮಾತು ಮುಟ್ಟ್ಯಾದ ಅವಗ. ಕಾಡಿಗಿ ತಾನೇ ಹಚ್ಚ್ಯಾನ."

ನಾನು ಅಭ್ಯಾಸದಂತೆ ಅಭಿಪ್ರಾಯದ ಜಾಗ ತೆರೆದು, ಏನು ಕುಂದು ಬರೆಯಲಿ ಎಂದು ಕೇಳಿದೆ.

"ಇನ್ನ ನಾವು ಹಚ್ಚೋದು ಏನೂ ಉಳದಿಲ್ಲ," ಎಂದಳು ಖಾಲಾ. "ಭಾಳ ಚಲೋ ಅದ ಅಂತ ಬರಿ. ಐದೂ ಚುಕ್ಕಿ ಒತ್ತು."

ಆ ಬಾಯಿಂದ ಆ ಮಾತು, ಅಷ್ಟು ಸಲೀಸಾಗಿ. ಬರೆದೆ, ಐದೂ ಒತ್ತಿದೆ. ಸುಳ್ಳು ಯಾಕೆ ಹೇಳಲಿ, ಸಂತೋಷದ ಜೊತೆಗೇ ಒಂದು ಹಿಡಿ ಹೊಟ್ಟೆಕಿಚ್ಚೂ ಆಯಿತು. ಯಾರೋ ಕಾಣದವರಿಗೆ ಸಿಕ್ಕದ್ದು ಎದುರಿಗೇ ಕೂತವಳಿಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ.

ಖಾಲಾ ಹುಕ್ಕು ಹಚ್ಚಲು ಆ ಹಸಿರು ಬ್ಲೌಸನ್ನು ತೊಡೆಯ ಮೇಲೆ ಎಳೆದುಕೊಂಡಳು. ತೋಳಿನ ಹೊಲಿಗೆಗುಂಟ ಹೆಬ್ಬೆರಳನ್ನು ನಿಧಾನವಾಗಿ ಮೇಲಿನಿಂದ ಕೆಳಗೆ ಎಳೆದಳು, ಇನ್ನೊಂದು ತೋಳಿಗೂ ಹಾಗೇ ಮಾಡಿದಳು, ಮತ್ತೆ ಮೊದಲನೆಯದಕ್ಕೆ ಬಂದಳು. ಆಮೇಲೆ ಮೂಗು ಮುರಿದಳು.

"ತೋಳು ಸೊಟ್ಟ ಹೊಲದಿ," ಎಂದಳು.

ನಾನು ಅದನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ತೋಳು ಎರಡೂ ನೆಟ್ಟಗಿದ್ದವು.

"ಹೌದ್ರಿ ಖಾಲಾ," ಎಂದೆ. "ಭಾಳ ಸೊಟ್ಟ ಆಗ್ಯಾದ."